ಅಪ್ಪನ ಕೆಲಸದ ಹೆಸರು

ಹವಲ್ಲಿ, ಕುವೈತ್
16 ಮಾರ್ಚ್ 1990

ಪ್ರೀತಿಯ ಅಕ್ಷಯಾ,

ನಿನ್ನ ಟೀಚರ್ ಟ್ರೈನಿಂಗಿನ ಪರೀಕ್ಷೆ ಹತ್ತಿರ ಬಂತೆಂದು ಅಮ್ಮ ಬರೆದಿದ್ದಾಳೆ. ಓದುವ ಹೊತ್ತಿನಲ್ಲಿ ತೊಂದರೆ ಕೊಡುತ್ತಿದ್ದೇನೆ. ಆದರೂ ಈ ಕಾಗದ ಕೈಸೇರಿದ ಮೇಲೆ ಒಂದು ಅರ್ಧ ಗಂಟೆ ಅಜ್ಜನ ಹತ್ತಿರ ಕುಳಿತುಕೋ. ಅವರಿಂದ ಕೆಲವು ವಿಷಯ ತಿಳಿಯಬೇಕಾಗಿದೆ. ನಾನೇ ಬರೆದರೆ ಅವರು ಉತ್ತರ ಕೊಡುವುದಿಲ್ಲ, ನಿನಗೆ ಗೊತ್ತುಂಟು. ಮಗ್ಗ ಬಿಟ್ಟು ಹೋದವನಿಗೆ ಮಗ್ಗದ ಸಂಗತಿ ಎಂತಕ್ಕೆ ಎಂದಾರು. ನೀನು ಕೇಳಿದರೆ ಬೇರೆ.

ನಮ್ಮ ಶುವೈಖ್ ಆಫೀಸಿನಲ್ಲಿ ವಾಕರ್ ಎಂಬ ಸಾಹೇಬರಿದ್ದಾರೆ. ಇಂಜಿನಿಯರು, ಅರವತ್ತು ದಾಟಿದವರು, ಹೆಂಡತಿ ತೀರಿಹೋಗಿದ್ದಾರೆ. ಊರು ಸ್ಕಾಟ್ಲೆಂಡ್. ಇಂಗ್ಲಿಷಿನವರು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಮೂರು ವರ್ಷದಿಂದ ತಮ್ಮ ಹಿರಿಯರು ಯಾರು, ಏನು ಮಾಡಿಕೊಂಡಿದ್ದರು ಎಂದು ಹುಡುಕುತ್ತಿದ್ದಾರೆ. ಊರಿನಲ್ಲಿರುವ ಅವರ ತಂಗಿ ಹಳೆಯ ಚರ್ಚಿನ ಪುಸ್ತಕಗಳ ನಕಲು ತೆಗೆಸಿ ಕಳಿಸುತ್ತಾಳೆ. ಹೆಸರು ಓದುವುದು ಕಷ್ಟವಲ್ಲವಂತೆ. ಹೆಸರಿನ ಮುಂದೆ ಬರೆದ ಕಸುಬು ತಿಳಿಯುವುದೇ ಕಷ್ಟ. ಒಬ್ಬನ ಮುಂದೆ ಹೆಕ್ಲರ್ ಎಂದಿತ್ತು. ಈಗ ಆ ಮಾತಿಗೆ ಸಭೆಯಲ್ಲಿ ಕೂಗಿ ಗಲಾಟೆ ಮಾಡುವವನು ಎಂದು ಅರ್ಥ. ಆಗ, ಅಗಸೆ ನಾರನ್ನು ಕಬ್ಬಿಣದ ಹಲ್ಲುಗಳ ಮೇಲೆ ಎಳೆದು ಬಾಚುವವನು. ವಾಕರ್ ಎಂಬುದೂ ನಡೆಯುವವನಲ್ಲ, ನೆಯ್ದ ಬಟ್ಟೆಯನ್ನು ನೀರಿನಲ್ಲಿ ತುಳಿದು ಹದ ಮಾಡುವವನು. ಇನ್ನೂರು ವರ್ಷದ ಹಿಂದಿನ ಮಾತುಗಳು, ಈಗ ಅವರವರಿಗೇ ತಿಳಿಯುವುದಿಲ್ಲ.

ಹೋದ ವಾರ ಒಂದು ಪಟ್ಟಿ ಬಂತು. ಅವರ ಅಜ್ಜನ ಅಜ್ಜ ಸತ್ತಾಗ ಮನೆಯಲ್ಲಿದ್ದ ಸಾಮಾನೆಲ್ಲ ಬರೆದಿಟ್ಟದ್ದು. ಅದರಲ್ಲಿ ಐದು ರೀಡ್ ಎಂದಿದೆ. ರೀಡ್ ಎಂದರೆ ಜೊಂಡು, ಐದೇ ಜೊಂಡು ಇಟ್ಟುಕೊಂಡು ಏನು ಮಾಡುತ್ತಿದ್ದ ಎಂದು ಸಾಹೇಬರು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ನಮ್ಮ ನೇಕಾರರ ಸಂಘದ ಮಾಸ್ಟರು ಹಣಿಗೆಗೆ ರೀಡ್ ಅನ್ನುತ್ತಿದ್ದುದು ನೆನಪಾಯಿತು. ನೂಲಿನ ಎಳೆಗಳನ್ನು ಬೇರೆ ಬೇರೆ ಇಡುವ ಹಣಿಗೆ. ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆಮೇಲೆ ಒಂದು ಕಾಗದದಲ್ಲಿ ಚಿತ್ರ ಬರೆದು ಕೊಟ್ಟೆ.

ಒಂದೇ ಮನೆಯಲ್ಲಿ ಐದು ಹಣಿಗೆ ಇದ್ದರೆ ಅದು ಯಾವ ಥರದ ನೇಕಾರನ ಮನೆ? ಬೇರೆಯವರು ನೂಲು ತಂದುಕೊಟ್ಟು ನೆಯ್ಸಿಕೊಳ್ಳುವ ಪದ್ಧತಿ ನಮ್ಮಲ್ಲಿತ್ತೇ? ಅಜ್ಜನನ್ನು ಕೇಳಿ ಬರೆ. ನನ್ನ ಹೆಸರು ಹೇಳಬೇಡ.

ನಿನ್ನ ಅಪ್ಪ
ಭೋಜ ಶೆಟ್ಟಿಗಾರ್


ಕಿನ್ನಿಗೋಳಿ
10 ಏಪ್ರಿಲ್ 1990

ಅಪ್ಪನಿಗೆ ಅಕ್ಷಯಾಳ ನಮಸ್ಕಾರಗಳು.

ಪರೀಕ್ಷೆ ಮುಗಿಯಿತು. ಮಕ್ಕಳ ಮನಶ್ಶಾಸ್ತ್ರ ಒಂದು ಬಿಟ್ಟು ಉಳಿದವು ಸುಲಭ ಇದ್ದವು.

ಅಜ್ಜನನ್ನು ಕೇಳಿದೆ. ನಿಮ್ಮ ಹೆಸರು ಹೇಳಲಿಲ್ಲ. ಅವರೇ "ಭೋಜ ಕೇಳಿದ್ದಾ?" ಅಂದರು. ಆಮೇಲೆ ತಾವಾಗಿಯೇ ಹೇಳತೊಡಗಿದರು. ಐದು ಹಣಿಗೆ ಇದ್ದರೆ ಅವನು ಒಂದೇ ಥರದ ಬಟ್ಟೆ ನೆಯ್ಯುವವನಲ್ಲ. ದಪ್ಪ ನೂಲಿಗೆ ಒಂದು, ಸಣ್ಣ ನೂಲಿಗೆ ಒಂದು, ಹೀಗೆ ಬೇರೆ ಬೇರೆ ಬೇಕು. ಮನೆ ಮನೆಯವರು ತಂದ ನೂಲಿಗೆ ತಕ್ಕ ಹಾಗೆ ನೆಯ್ದುಕೊಡುವವನೇ ಅಷ್ಟು ಇಟ್ಟುಕೊಳ್ಳುವುದು. ಅಂಗಡಿಗೆ ನೆಯ್ಯುವವನಿಗೆ ಎರಡು ಸಾಕು. ಅಜ್ಜನ ತಂದೆ ಹಾಗೆಯೇ ನೆಯ್ಯುತ್ತಿದ್ದರಂತೆ. ಮದುವೆಯ ಬಟ್ಟೆಗೆ ನೂಲು ಕೊಟ್ಟವರು ಮಗ್ಗದ ಗುಂಡಿಯ ಪಕ್ಕದಲ್ಲೇ ಕುಳಿತು ಎಲೆ ಅಡಿಕೆ ಹಾಕುತ್ತಾ ಕಾಯುತ್ತಿದ್ದರಂತೆ. ಅಜ್ಜ ಇಷ್ಟು ಮಾತನಾಡಿದ್ದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದ್ದು. ಸ್ಕಾಟ್ಲೆಂಡಿನಲ್ಲಿ ನೂಲಿಗೆ ಎಂತಹ ಗಂಜಿ ಹಾಕುತ್ತಾರೆ ಕೇಳು ಅಂದಿದ್ದಾರೆ.

ಇನ್ನೊಂದು ವಿಷಯ. ಅಮ್ಮ ಬರೆಯಲು ಹೇಳಿದ್ದು. ಮುಲ್ಕಿಯಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಧನರಾಜ್, ಬ್ಯಾಂಕಿನಲ್ಲಿ ಕ್ಲಾರ್ಕ್. ಅವರು ಬಂದು ಹೋದರು. ನನಗೆ ಬೇಡ ಅನ್ನಿಸಲಿಲ್ಲ. ಅವರ ಸೋದರಮಾವ ಅಲ್ಲೇ ಕುವೈತಿನ ಫಹಾಹೀಲಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾರಂತೆ, ನಿಮ್ಮನ್ನು ಬಂದು ಕಾಣುತ್ತಾರಂತೆ. ನಿಮ್ಮ ಆಫೀಸಿನ ವಿಳಾಸ ಕೇಳಿದರು. ಅಮ್ಮನ ಹತ್ತಿರ ಹವಲ್ಲಿಯ ಪೋಸ್ಟ್ ಬಾಕ್ಸ್ ನಂಬರು ಮಾತ್ರ ಇತ್ತು. ಹನ್ನೊಂದು ವರ್ಷದಲ್ಲಿ ಆಫೀಸಿನ ವಿಳಾಸ ನಮ್ಮ ಹತ್ತಿರ ಇಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಕಳಿಸಿಕೊಡಿ.

ನಿಮ್ಮ ಮಗಳು
ಅಕ್ಷಯಾ


ಹವಲ್ಲಿ
22 ಮೇ 1990

ಪ್ರೀತಿಯ ಅಕ್ಷಯಾ,

ಅಜ್ಜನ ಮಾತಿನಿಂದ ಒಂದು ದೊಡ್ಡ ಗಂಟು ಬಿಚ್ಚಿತು ಮಗಳೇ.

ವಾಕರ್ ಸಾಹೇಬರ ಮನೆಯಲ್ಲಿ ಒಂದು ಹಳೆಯ ಬೈಬಲ್ ಉಂಟು. ಅದರ ಮೊದಲ ಹಾಳೆಯಲ್ಲಿ ಆ ಮುತ್ತಜ್ಜನ ಹೆಸರು, ಅದರ ಮುಂದೆ ಕಸ್ಟಮರ್ ಎಂದು ಬರೆದಿದೆ. ಅಲ್ಲಿಂದ ಮುಂದೆ ಹಾಳೆ ಹರಿದಿದೆ. ಹಳೆಯ ಸ್ಕಾಟ್ ಭಾಷೆಯಲ್ಲಿ ಕಸ್ಟಮರ್ ಎಂದರೆ ಬಂದರಿನಲ್ಲಿ ಸುಂಕ ವಸೂಲಿ ಮಾಡುವ ಸರಕಾರಿ ಅಧಿಕಾರಿ. ಹಾಗಾಗಿ ಮೂರು ತಲೆಮಾರಿನಿಂದ ಅವರ ಮನೆಯಲ್ಲಿ ಒಂದೇ ಮಾತು: ನಮ್ಮ ಹಿರಿಯರು ಸುಂಕದ ಅಧಿಕಾರಿ, ಕುದುರೆಯ ಮೇಲೆ ಕಡಲ ತಡಿಯಲ್ಲಿ ಕಳ್ಳಸಾಗಣೆಯವರನ್ನು ಹಿಡಿಯುತ್ತಿದ್ದರು. ಸಾಹೇಬರ ತಂದೆ ಇದನ್ನು ಎಲ್ಲರ ಹತ್ತಿರವೂ ಹೇಳುತ್ತಿದ್ದರಂತೆ.

ಅಜ್ಜ ಹೇಳಿದ್ದನ್ನು ನಾನು ಸಾಹೇಬರಿಗೆ ಹೇಳಿದೆ. ಅವರು ಅದನ್ನೇ ತಂಗಿಗೆ ಬರೆದರು. ಆಕೆ ಚರ್ಚಿನ ಪುಸ್ತಕದಲ್ಲಿ ಮತ್ತೆ ಹುಡುಕಿದಳು. ಆ ಮುತ್ತಜ್ಜನ ಮದುವೆಯ ದಾಖಲೆಯಲ್ಲಿ ಪೂರ್ತಿ ಮಾತು ಸಿಕ್ಕಿತು. ಕಸ್ಟಮರ್ ವೀವರ್. ಗಿರಾಕಿಗಳು ತಂದುಕೊಟ್ಟ ನೂಲನ್ನು ನೆಯ್ದುಕೊಡುವ ನೇಕಾರ. ಬೈಬಲಿನಲ್ಲಿ ಹರಿದುಹೋದದ್ದು ವೀವರ್ ಎಂಬ ಒಂದು ಮಾತು. ಅಷ್ಟರಿಂದ ನೇಕಾರನೊಬ್ಬ ಅಧಿಕಾರಿಯಾಗಿಬಿಟ್ಟಿದ್ದ.

ಸಾಹೇಬರು ನಾಲ್ಕು ದಿನ ಆ ಕಾಗದಗಳನ್ನು ಮುಟ್ಟಲಿಲ್ಲ. ಐದನೆಯ ದಿನ ನನ್ನನ್ನು ಕರೆದು, ಮಗ್ಗದ ಚಿತ್ರ ಇನ್ನೊಮ್ಮೆ ಬಿಡಿಸು, ಅವನ ಕಾಲು ಎಲ್ಲಿರುತ್ತಿತ್ತು, ಕೈ ಎಲ್ಲಿರುತ್ತಿತ್ತು ಎಲ್ಲ ತೋರಿಸು ಅಂದರು. ನನ್ನ ತಂದೆಯದು ಸುಳ್ಳಲ್ಲ, ತಪ್ಪು ಓದಿದ್ದು ಅಷ್ಟೆ, ಅಂದರು. ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ.

ಅಲ್ಲಿ ನೂಲಿಗೆ ಓಟ್ಸ್ ಹಿಟ್ಟಿನ ಗಂಜಿ ಹಾಕುತ್ತಿದ್ದರಂತೆ. ಅಜ್ಜನಿಗೆ ಹೇಳು.

ಧನರಾಜರ ಮನೆಯವರ ವಿಷಯ ಸಂತೋಷ. ಅವರ ಸೋದರಮಾವ ಹವಲ್ಲಿಗೇ ಬರಲಿ. ಕೆಳಗೆ ನಮ್ಮ ಉಳ್ಳಾಲದ ಇಬ್ರಾಹಿಂ ಖಲೀಲರ ಅಂಗಡಿ ಉಂಟು, ಅಲ್ಲಿ ಕೇಳಿದರೆ ತೋರಿಸುತ್ತಾರೆ. ಆಫೀಸಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ.

ನಿನ್ನ ಅಪ್ಪ
ಭೋಜ ಶೆಟ್ಟಿಗಾರ್


ಕಿನ್ನಿಗೋಳಿ
9 ಜುಲೈ 1990

ಅಪ್ಪ,

ಈ ಕಾಗದವನ್ನು ಅಮ್ಮನಿಗೆ ತೋರಿಸದೆ ಬರೆಯುತ್ತಿದ್ದೇನೆ.

ಧನರಾಜರ ಸೋದರಮಾವ ಹವಲ್ಲಿಗೆ ಬರಲಿಲ್ಲ, ನೇರವಾಗಿ ಶುವೈಖಿಗೆ ಹೋದರಂತೆ. ವಾಕರ್ ಎಂಬವರು ಇರುವ ಕಂಪೆನಿ ಎಂದು ನಾವು ಹೇಳಿದ್ದನ್ನು ಹಿಡಿದು ಹುಡುಕಿದರಂತೆ. ಕಂಪೆನಿ ಸಿಕ್ಕಿತು. ವಾಕರ್ ಅಲ್ಲಿದ್ದಾರೆ. ಭೋಜ ಶೆಟ್ಟಿಗಾರ್ ಎಂಬ ಹೆಸರಿನವರು ಆ ಆಫೀಸಿನಲ್ಲಿ ಇಲ್ಲ, ಎಂದೂ ಇರಲಿಲ್ಲ ಎಂದರಂತೆ. ಧನರಾಜರ ಅಮ್ಮ ಬಂದು ಇದನ್ನು ಹೇಳಿದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಏನೋ ತಪ್ಪು ತಿಳುವಳಿಕೆ ಇರಬೇಕು, ಅಪ್ಪನಿಗೆ ಬರೆದು ಕೇಳುತ್ತೇನೆ ಎಂದು ಕಾಫಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ನಿಮ್ಮ ಕಾಗದಗಳ ಕಟ್ಟು ತೆಗೆದು ಮೊದಲಿನಿಂದ ಓದಿದೆ. ಹನ್ನೊಂದು ವರ್ಷದ ಕಾಗದಗಳು. ನಿಮ್ಮ ಮೇಜು ಯಾವ ಕಡೆಗಿದೆ, ಬೆಳಿಗ್ಗೆ ಹೋದ ಕೂಡಲೇ ಏನು ಮಾಡುತ್ತೀರಿ, ಯಾವುದೂ ಇಲ್ಲ. ಹವೆ, ದಿನಾರಿನ ದರ, ನಮ್ಮ ಓದು, ಇಷ್ಟೇ.

ಒಬ್ಬ ಸ್ಕಾಟ್ಲೆಂಡಿನವರ ಮುತ್ತಜ್ಜ ಏನು ಮಾಡುತ್ತಿದ್ದ ಎಂದು ನನಗೆ ಚೆನ್ನಾಗಿ ಗೊತ್ತು. ಅಪ್ಪ, ನೀವು ಏನು ಕೆಲಸ ಮಾಡುತ್ತೀರಿ?

ಅಕ್ಷಯಾ


ಹವಲ್ಲಿ
1 ಆಗಸ್ಟ್ 1990, ಬುಧವಾರ

ಅಕ್ಷಯಾ,

ನಿನ್ನ ಕಾಗದ ಸಿಕ್ಕಿ ಎಂಟು ದಿನವಾಯಿತು. ದಿನವೂ ಬರೆಯಲು ಕುಳಿತು ಎದ್ದಿದ್ದೇನೆ.

ನಾನು ಅಡಿಗೆಯವನು. ವಾಕರ್ ಸಾಹೇಬರ ಮನೆ ಸಾಲ್ಮಿಯಾದಲ್ಲಿ ಸಮುದ್ರದ ಹತ್ತಿರ ಉಂಟು. ಏಳು ವರ್ಷದಿಂದ ಅಲ್ಲಿ ಅಡಿಗೆ ಮಾಡುತ್ತೇನೆ, ಪಾತ್ರೆ ತೊಳೆಯುತ್ತೇನೆ, ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ. ಮಧ್ಯಾಹ್ನ ಅವರ ಊಟದ ಕ್ಯಾರಿಯರ್ ಹಿಡಿದುಕೊಂಡು ಶುವೈಖಿಗೆ ಹೋಗುತ್ತೇನೆ. ಆಫೀಸಿನೊಂದಿಗೆ ನನಗಿರುವ ಸಂಬಂಧ ಅಷ್ಟೇ. ಅವರು ಊಟ ಮಾಡುವಾಗ ಆ ಹಳೆಯ ಕಾಗದಗಳನ್ನು ಬಿಡಿಸಿ ನನಗೆ ಓದಿ ಹೇಳುತ್ತಿದ್ದರು.

ಬಂದದ್ದು ಆಫೀಸಿನ ಪ್ಯೂನ್ ಕೆಲಸ ಎಂದೇ. ವಿಮಾನ ಇಳಿದ ಮರುದಿನ ಕಫೀಲ್, ಎಂದರೆ ನನ್ನನ್ನು ಕರೆಸಿಕೊಂಡ ಧಣಿ, ತನ್ನ ಮನೆಯ ಅಡಿಗೆಕೋಣೆ ತೋರಿಸಿದ. ವೀಸಾ ಅವನದು, ಪಾಸ್‌ಪೋರ್ಟ್ ಅವನ ಕೈಯಲ್ಲಿ. ಇಲ್ಲಿ ಇರಲು ಬೇಕಾದ ಇಕಾಮಾ ಕಾರ್ಡಿನಲ್ಲಿ ತಬ್ಬಾಖ್ ಎಂದು ಬರೆಸಿದ. ಅರಬಿಯಲ್ಲಿ ಅಡಿಗೆಯವನು ಎಂದರ್ಥ. ನಾಲ್ಕು ವರ್ಷದ ಮೇಲೆ ಅವನೇ ನನ್ನನ್ನು ಸಾಹೇಬರ ಮನೆಗೆ ಬಿಟ್ಟುಕೊಟ್ಟ. ಮೊದಲನೆಯ ಕಾಗದದಲ್ಲಿ ನಾನು ಆಫೀಸಿಗೆ ಸೇರಿದೆ ಎಂದು ಬರೆದಿದ್ದೆ. ಎರಡು ತಿಂಗಳಲ್ಲಿ ಬೇರೆ ಕೆಲಸ ಹಿಡಿದು ಅದನ್ನು ನಿಜ ಮಾಡುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜ ಆ ಕಾಗದವನ್ನು ನೇಕಾರರ ಸಂಘದಲ್ಲಿ ಎಲ್ಲರಿಗೂ ಓದಿಸಿದರೆಂದು ಅಮ್ಮ ಬರೆದಳು. ನಾನು ಮಗ್ಗ ಬಿಟ್ಟು ಹೊರಟ ದಿನ ಅವರು, ನೆಯ್ಯುವ ಕೈ ಇನ್ನೊಬ್ಬರ ಎಂಜಲು ಬಳಿಯುವ ಹಾಗೆ ಆಗಬಾರದು ನೋಡು, ಅಂದಿದ್ದರು. ಆಮೇಲೆ ಹೇಗೆ ಬರೆಯಲಿ?

ಮೊನ್ನೆ ಸಾಹೇಬರು ಕೇಳಿದರು, "ಭೋಜ, ನಿನ್ನ ಮೊಮ್ಮಕ್ಕಳು ನಾಳೆ ನಿನ್ನ ಹೆಸರು ಹುಡುಕಿದರೆ ಅದರ ಮುಂದೆ ಏನು ಬರೆದಿರುತ್ತದೆ?" ಅವರು ಸುಮ್ಮನೆ ಕೇಳಿದ್ದು. ನಾನು ಅಡಿಗೆಕೋಣೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಕೆಲಸದ ಬಗ್ಗೆ ನನಗೀಗ ನಾಚಿಕೆ ಇಲ್ಲ. ಒಳ್ಳೆಯ ಅಡಿಗೆ ಮಾಡುತ್ತೇನೆ. ನಾಚಿಕೆ ಇರುವುದು ನಿಮಗೆ ಹೇಳಿದ ಸುಳ್ಳಿನ ಬಗ್ಗೆ. ಧನರಾಜರ ಮನೆಯವರಿಗೆ ಈ ಕಾಗದವನ್ನೇ ತೋರಿಸು. ಅಮ್ಮನಿಗೂ ಅಜ್ಜನಿಗೂ ನೀನೇ ಓದಿ ಹೇಳಬೇಕು. ನನ್ನಿಂದ ಆಗುವುದಿಲ್ಲ.

ಈಗಲೇ ಹೋಗಿ ಅಂಚೆಗೆ ಹಾಕುತ್ತೇನೆ, ಇಲ್ಲದಿದ್ದರೆ ಹರಿದುಹಾಕಿಬಿಡುತ್ತೇನೆ.

ಅಪ್ಪ


ಕಿನ್ನಿಗೋಳಿ
27 ಆಗಸ್ಟ್ 1990

ಅಪ್ಪ,

ಕುವೈತಿಗೆ ಅಂಚೆ ಇಲ್ಲ ಎಂದು ಪೋಸ್ಟ್ ಮಾಸ್ಟರು ಮೊನ್ನೆಯ ಲಕೋಟೆಯನ್ನು ವಾಪಸು ಕೊಟ್ಟರು. ಆದರೂ ಬರೆಯುತ್ತೇನೆ.

ಇರಾಕಿನ ಸೈನ್ಯ ಬಂತೆಂದು ರೇಡಿಯೋದಲ್ಲಿ ಕೇಳಿ ಇಪ್ಪತ್ತೈದು ದಿನವಾಯಿತು. ಅಮ್ಮ ರೇಡಿಯೋದ ಪಕ್ಕ ಬಿಟ್ಟು ಏಳುವುದಿಲ್ಲ. ಪಕ್ಷಿಕೆರೆಯ ಇಬ್ಬರು, ಹಳೆಯಂಗಡಿಯ ಒಬ್ಬರು ಅಮ್ಮಾನಿನ ದಾರಿಯಲ್ಲಿ ಬಂದು ಸೇರಿದರು. ಅಮ್ಮ ಅವರ ಮನೆಗಳಿಗೆಲ್ಲ ಹೋಗಿ ವಿಚಾರಿಸಿದಳು. ಭೋಜಣ್ಣನನ್ನು ನಾವು ನೋಡಿಲ್ಲ ಅಂದರಂತೆ.

ಜುಲೈಯಲ್ಲಿ ನಾನು ಕೇಳಿದ್ದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಬರೆಯುವುದಕ್ಕೆ ಮನಸ್ಸಿಲ್ಲದೆಯೋ, ಬರೆದದ್ದು ಬಾರದೆಯೋ ಗೊತ್ತಿಲ್ಲ. ಈಗ ಉತ್ತರ ಬೇಡ ಅಪ್ಪ. ಬಂದುಬಿಡಿ.

ಅಕ್ಷಯಾ


ಹವಲ್ಲಿ
14 ಸೆಪ್ಟೆಂಬರ್ 1990

ಅಕ್ಷಯಾ, ನಿನಗೂ ನಿನ್ನ ಅಮ್ಮ ವಾರಿಜಾಳಿಗೂ,

ನಮ್ಮ ಬಿಲ್ಡಿಂಗಿನ ಇನೆಜ್ ಬಾಯಿ ನಾಳೆ ಮಕ್ಕಳೊಂದಿಗೆ ಹೊರಡುತ್ತಾರೆ. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್. ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಈಗ ಹೊರಡುವುದಿಲ್ಲ. ಯಾಕೆಂದು ಕಾಗದದಲ್ಲಿ ಬರೆಯುವ ಹಾಗಿಲ್ಲ. ಇನೆಜ್ ಬಾಯಿ ಬಾಯಲ್ಲೇ ಹೇಳುತ್ತಾರೆ. ಕೇಳಿದ ಮೇಲೆ ಬೇರೆ ಯಾರಿಗೂ ಹೇಳಬೇಡಿ.

ನೀವು ನನ್ನ ಆಗಸ್ಟಿನ ಕಾಗದ ಓದಿರುತ್ತೀರಿ. ಸಿಟ್ಟಿರಬಹುದು. ಮನೆಯವರೆಲ್ಲ ಕಾಯುತ್ತಿರುವಾಗ ಇವನು ಬಾರದೆ ಕುಳಿತಿದ್ದಾನೆ ಎಂದು ಇನ್ನೂ ಸಿಟ್ಟು ಬರಬಹುದು. ಮೊದಲನೆಯದು ನನ್ನ ತಪ್ಪು. ಎರಡನೆಯದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಜೊತೆಗೆ ಒಂದು ಕಟ್ಟು ಇದೆ. ಮೂರು ವರ್ಷದ ಹುಡುಕಾಟದ ಕಾಗದಗಳು. ಅವುಗಳ ಯಜಮಾನರು ಸುಟ್ಟುಬಿಡು ಎಂದರು. ನಾನು ಸುಡಲಿಲ್ಲ. ಒಳಗೆ ಒಂದು ವಿಳಾಸ ಉಂಟು, ಅಲ್ಲಿಗೆ ರಿಜಿಸ್ಟರ್ ಮಾಡಿ ಕಳಿಸು ಮಗಳೇ.

ಖಲೀಲ್ ಭಾಯಿಯ ಅಂಗಡಿಯಲ್ಲಿ ಅಕ್ಕಿ ಇನ್ನೂ ಉಂಟು. ನೀರು ದಿನ ಬಿಟ್ಟು ದಿನ ಬರುತ್ತದೆ. ನನ್ನ ಚಿಂತೆ ಬೇಡ.

ಭೋಜ


ಕಿನ್ನಿಗೋಳಿ
18 ನವೆಂಬರ್ 1990

ಅಪ್ಪ,

ಈ ಕಾಗದವನ್ನು ಅಮ್ಮಾನಿನ ಒಂದು ಚರ್ಚಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಇನೆಜ್ ಬಾಯಿ ಅಲ್ಲಿ ಒಂಬತ್ತು ದಿನ ಇದ್ದರಂತೆ. ಭೋಜ ಎಂದಾದರೂ ಹೊರಟರೆ ಅಲ್ಲಿಗೆ ಬಂದೇ ಬರುತ್ತಾನೆ, ಪಾದ್ರಿಗಳು ಕಾಗದ ತೆಗೆದಿಟ್ಟಿರುತ್ತಾರೆ ಅಂದರು.

ನೀವು ಹೇಳಿದ ಆಗಸ್ಟಿನ ಕಾಗದ ನಮಗೆ ಬರಲೇ ಇಲ್ಲ. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಇನೆಜ್ ಬಾಯಿ ಬಂದು ಜಗಲಿಯಲ್ಲಿ ಕುಳಿತು, ನಮಗೆಲ್ಲ ಗೊತ್ತಿರುವ ವಿಷಯವೇ ಎಂಬ ಹಾಗೆ, "ನಿಮ್ಮ ಭೋಜನ ಅಡಿಗೆ ತಿಂದೇ ನನ್ನ ಮಕ್ಕಳು ದೊಡ್ಡದಾದದ್ದು" ಅಂದರು. ಅಮ್ಮ ನನ್ನ ಮುಖ ನೋಡಿದಳು. ಅಜ್ಜ ಒಳಗಿನಿಂದ ಕೇಳಿಸಿಕೊಂಡರು. ಆಮೇಲೆ ಇನೆಜ್ ಬಾಯಿ ತಗ್ಗಿದ ದನಿಯಲ್ಲಿ ಉಳಿದದ್ದು ಹೇಳಿದರು. ಇರಾಕಿನ ಸೈನಿಕರು ಬಿಳಿಯರನ್ನು ಹಿಡಿದುಕೊಂಡು ಹೋಗುವುದು, ಅಡಗಿಸಿಟ್ಟವರನ್ನು ಕೊಲ್ಲುತ್ತೇವೆ ಎಂದು ಡಂಗುರ ಹೊಡೆಸಿದ್ದು, ನೀವು ವಾಕರರನ್ನು ಸಾಲ್ಮಿಯಾದಿಂದ ನಿಮ್ಮ ಕೋಣೆಗೆ ಕರೆತಂದು ಅಟ್ಟದ ಪೆಟ್ಟಿಗೆಗಳ ಹಿಂದೆ ಮಲಗಿಸುತ್ತಿರುವುದು.

ನನಗೆ ಸಿಟ್ಟು ಬಂತು ಅಪ್ಪ. ಅಡಿಗೆಯವರೆಂದು ಅಲ್ಲ. ಇನೆಜ್ ಬಾಯಿಗೆ ಗೊತ್ತು, ಖಲೀಲ್ ಭಾಯಿಗೆ ಗೊತ್ತು, ಸ್ಕಾಟ್ಲೆಂಡಿನವರಿಗೆ ಗೊತ್ತು. ನಮಗೆ ಮಾತ್ರ ಗೊತ್ತಿಲ್ಲ. ನಾವೇನು ಮಾಡಿಬಿಡುತ್ತೇವೆ ಎಂದು ಹೆದರಿದ್ದಿರಿ?

ಮರುದಿನ ಮುಲ್ಕಿಗೆ ಹೋಗಿ ಧನರಾಜರಿಗೂ ಅವರ ಅಮ್ಮನಿಗೂ ನಾನೇ ಹೇಳಿದೆ. ಅವರು ಒಳ್ಳೆಯವರೇ. ಕೆಲಸ ಯಾವುದಾದರೂ ಅಡ್ಡಿಯಿಲ್ಲ, ಹನ್ನೊಂದು ವರ್ಷ ಸುಳ್ಳು ನಡೆದ ಮನೆ ಎಂದರೆ ಯೋಚಿಸಬೇಕಾಗುತ್ತದೆ ಅಂದರು. ಯೋಚಿಸಿ, ಬೇಡ ಎಂದು ಹೇಳಿಕಳಿಸಿದರು. ನೀವು ಯಾಕೆ ಬರಲಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಮನಸ್ಸು ಬದಲಾಗುತ್ತಿತ್ತೋ ಏನೋ. ಯಾರಿಗೂ ಹೇಳಬಾರದು ಎಂದು ನೀವು ಬರೆದಿದ್ದಿರಿ.

ನೀವು ಅಂದು ಹೊರಟಾಗ ಅಜ್ಜ ಏನೋ ಅಂದಿದ್ದರಂತೆ, ಏನೆಂದು ನನಗೆ ಹೇಳಲಿಲ್ಲ. ಇನೆಜ್ ಬಾಯಿ ಬಂದುಹೋದ ಮೂರನೆಯ ದಿನ ನನ್ನನ್ನು ಕರೆದು, "ನನ್ನ ಮಗ ನನಗೆ ಹೆದರಿ ಸುಳ್ಳು ಹೇಳಿದ. ಆ ಸುಳ್ಳಿನಲ್ಲಿ ಅರ್ಧ ನನ್ನದು. ಹಾಗೆ ಬರೆ ಅವನಿಗೆ" ಅಂದರು. ಬರೆದಿದ್ದೇನೆ.

ಕಟ್ಟನ್ನು ರಿಜಿಸ್ಟರ್ ಮಾಡಿದೆ. ಕಳಿಸುವ ಮೊದಲು ಓದಿದೆ. ಸಾಹೇಬರ ಇಂಗ್ಲಿಷ್ ಪಟ್ಟಿಯ ಪಕ್ಕದಲ್ಲಿ ನಿಮ್ಮ ಕನ್ನಡ ಅಕ್ಷರ ಇತ್ತು. ಹಣಿಗೆ, ಲಾಳಿ, ಹಾಸು, ಹೊಕ್ಕು. ಅಷ್ಟು ಅಚ್ಚುಕಟ್ಟಾಗಿ ನೀವು ನಮಗೆ ಎಂದೂ ಬರೆದಿರಲಿಲ್ಲ. ಆ ಹಾಳೆಗಳ ನಕಲು ತೆಗೆದಿಟ್ಟುಕೊಂಡಿದ್ದೇನೆ.

ಅಕ್ಷಯಾ


ಅಮ್ಮಾನ್
6 ಜನವರಿ 1991

ಅಕ್ಷಯಾ,

ನಿನ್ನೆ ಬಂದು ಸೇರಿದೆ. ಪಾದ್ರಿಗಳು ಡ್ರಾಯರ್ ತೆಗೆದು ನಿನ್ನ ಕಾಗದ ಕೊಟ್ಟರು. ಚರ್ಚಿನ ಬೆಂಚಿನಲ್ಲಿ ಕುಳಿತು ಓದಿದೆ.

ಆಗಸ್ಟಿನ ಕಾಗದ ಬರಲಿಲ್ಲವೇ? ಐದು ತಿಂಗಳು ನಾನು, ನಿಮಗೆ ಹೇಳಿಯಾಯಿತು ಎಂಬ ಸಮಾಧಾನದಲ್ಲಿದ್ದೆ. ಹಾಗಾದರೆ ಈಗ ಬರೆಯುತ್ತೇನೆ. ನಾನು ಅಡಿಗೆಯವನು. ನಾಚಿಕೆಯಿಂದ ಮುಚ್ಚಿಟ್ಟೆ. ನಿನಗೆ ಬಂದ ಸಂಬಂಧ ಅದರಿಂದ ತಪ್ಪಿತು. ನಾವೇನು ಮಾಡಿಬಿಡುತ್ತೇವೆ ಎಂದು ಹೆದರಿದ್ದಿರಿ ಅಂತ ಕೇಳಿದ್ದಿ. ನೀವೇನೂ ಮಾಡಿಬಿಡುತ್ತಿರಲಿಲ್ಲ, ಅದು ಈಗ ತಿಳಿಯುತ್ತದೆ.

ಸಾಹೇಬರು ಬದುಕಿದ್ದಾರೆ, ಊರು ಸೇರಿದ್ದಾರೆ. ಇನ್ನು ಹೇಳಬಹುದು. ನಾಲ್ಕು ತಿಂಗಳು ನನ್ನ ಕೋಣೆಯಲ್ಲಿದ್ದರು. ಕಿಟಕಿಯ ಹತ್ತಿರ ಹೋಗುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಮೊದಲ ವಾರ ನಾನು ತಟ್ಟೆ ತೊಳೆಯಲು ಎತ್ತಿಕೊಂಡಾಗ, ಇಲ್ಲಿ ನೀನು ಯಜಮಾನ, ನಾನು ನೆಂಟ, ಕೊಡು ಎಂದು ಕಸಿದುಕೊಂಡರು. ಅಂದಿನಿಂದ ಪಾತ್ರೆ ಅವರದು, ಒಲೆ ನನ್ನದು.

ಅಕ್ಟೋಬರಿನಲ್ಲಿ ಸೈನಿಕರು ಮನೆ ಮನೆ ಹುಡುಕುತ್ತಾ ಬಂದರು. ಬಾಗಿಲಲ್ಲೇ ನನ್ನ ಇಕಾಮಾ ಕೇಳಿದರು. ತಬ್ಬಾಖ್ ಎಂದು ಓದಿ ಒಬ್ಬ ಅಧಿಕಾರಿ, ನಿಜವಾಗಿ ಅಡಿಗೆ ಬರುತ್ತದೋ ಎಂದು ಕೇಳಿದ. ಬರುತ್ತದೆ ಅಂದೆ. "ಯಲ್ಲಾ, ನಡೆ" ಅಂದ. ಒಳಗೆ ಕಾಲಿಡಲೇ ಇಲ್ಲ. ಹತ್ತಿರದ ಶಾಲೆಯೊಂದರಲ್ಲಿ ಅವರ ಪಾಳೆಯ ಇತ್ತು. ಹನ್ನೊಂದು ದಿನ ಅಲ್ಲಿ ನೂರಾರು ಮಂದಿಗೆ ಅನ್ನ ಬೇಯಿಸಿದೆ. ಅವರಲ್ಲಿ ಹೆಚ್ಚಿನವರು ನಿನ್ನ ಪ್ರಾಯದವರು. ಹಸಿದಿದ್ದರು. ಒಬ್ಬ ತಟ್ಟೆ ಹಿಡಿದುಕೊಂಡು ಬಂದು ನಿಂತಾಗ, ನನ್ನ ಕೋಣೆಯಲ್ಲಿರುವ ಮನುಷ್ಯನನ್ನು ಕಂಡರೆ ಇವನೇ ಗುಂಡು ಹೊಡೆಯಬೇಕಾದವನು ಎಂದು ನೆನಪಾಗುತ್ತಿತ್ತು. ಆದರೂ ಅನ್ನ ಕಡಿಮೆ ಬಡಿಸಲು ಕೈ ಬರಲಿಲ್ಲ.

ಆ ಹನ್ನೊಂದು ದಿನ ಖಲೀಲ್ ಭಾಯಿ ಸಾಹೇಬರಿಗೆ ಊಟ ಕೊಟ್ಟರು. ಅವರ ಮನೆಯಲ್ಲಿ ಹೆಂಡತಿ ಜೈನಬಾ, ಮೂರು ಮಕ್ಕಳು ಇದ್ದರು. ಸಿಕ್ಕಿಬಿದ್ದರೆ ಎಲ್ಲರೂ ಹೋಗುತ್ತಿದ್ದರು. ನಾನು ಕೇಳಿಯೂ ಇರಲಿಲ್ಲ. ನಾನು ಮೆಟ್ಟಿಲಿಳಿದು ಸೈನಿಕರ ಜೊತೆ ಹೋಗುವುದನ್ನು ಅಂಗಡಿಯಿಂದ ನೋಡಿದರಂತೆ, ಅಷ್ಟೇ.

ಡಿಸೆಂಬರಿನಲ್ಲಿ ಬಿಳಿಯರನ್ನೆಲ್ಲ ಬಿಡುತ್ತಾರೆಂದು ಸುದ್ದಿ ಬಂತು. ಸಾಹೇಬರು ಹಗಲು ಹೊತ್ತಿನಲ್ಲಿ ಮೆಟ್ಟಿಲಿಳಿದರು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕೈ ಹಿಡಿದುಕೊಂಡರು, ಬಸ್ ಹತ್ತಿದರು. ನಾನು ಮೇಲೆ ಹೋಗಿ ಅವರು ತೊಳೆದಿಟ್ಟ ಪಾತ್ರೆಗಳನ್ನು ನೋಡಿಕೊಂಡು ಕುಳಿತೆ. ಒಂದಕ್ಕೂ ಜಿಡ್ಡು ಪೂರ್ತಿ ಹೋಗಿರಲಿಲ್ಲ.

ಅಜ್ಜನ ಮಾತನ್ನು ಐದಾರು ಸಲ ಓದಿದೆ. ಮುಂದಿನ ವಾರದೊಳಗೆ ಮುಂಬಯಿಗೆ ವಿಮಾನ ಸಿಗಬಹುದು.

ಅಪ್ಪ


ಫಹಾಹೀಲ್
20 ಆಗಸ್ಟ್ 1991

ಪ್ರೀತಿಯ ಅಕ್ಷಯಾ,

ಸುಳ್ಯದ ಶಾಲೆಯಲ್ಲಿ ನಿನಗೆ ಮೂರನೆಯ ತರಗತಿ ಕೊಟ್ಟಿದ್ದಾರೆಂದು ಅಮ್ಮ ಬರೆದಿದ್ದಾಳೆ. ನನ್ನ ದಿನ ಇಲ್ಲಿ ಹೇಗೆ ಹೋಗುತ್ತದೆ ಎಂದು ನಿನಗೆ ಬರೆಯುತ್ತೇನೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ.

ಇರಾಕಿನವರು ಸೋತು ಹೋಗುವಾಗ ಬೆಂಕಿ ಇಟ್ಟ ಎಣ್ಣೆಬಾವಿಗಳನ್ನು ಆರಿಸುವವರಿಗೆ ಇಲ್ಲಿ ಒಂದು ಮೆಸ್ ಉಂಟು. ನಾನು ಅದರ ಅಡಿಗೆಯವರಲ್ಲಿ ಒಬ್ಬ. ಒಟ್ಟು ಒಂಬತ್ತು ಮಂದಿ ಇದ್ದೇವೆ. ಮೂರೂವರೆಗೆ ಏಳುತ್ತೇನೆ. ಮೊದಲು ಕೆಟಲ್ ಇಡುವುದು, ಆಮೇಲೆ ಮೊಟ್ಟೆ. ದಿನಕ್ಕೆ ಎಂಟುನೂರು ಮೊಟ್ಟೆ. ಈರುಳ್ಳಿಯನ್ನು ನಾನು ಯಾರಿಗೂ ಬಿಡುವುದಿಲ್ಲ, ನಾನೇ ಹೆಚ್ಚುತ್ತೇನೆ. ಹದ ತಪ್ಪಿದರೆ ಎಲ್ಲ ಕೆಡುತ್ತದೆ. ಗಾಳಿ ಈ ಕಡೆಗೆ ತಿರುಗಿದ ದಿನ ಮಧ್ಯಾಹ್ನವೂ ದೀಪ ಹಾಕಬೇಕು. ಹೊಗೆಯ ಮಸಿ ಪಾತ್ರೆಯ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ, ತೆರೆಯುವ ಮೊದಲು ಒರೆಸದಿದ್ದರೆ ಅನ್ನಕ್ಕೆ ಬೀಳುತ್ತದೆ. ಕೆಲಸದವರು ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ಬರುತ್ತಾರೆ. ಮುಖ ತೊಳೆಯುವ ತನಕ ಯಾರು ಯಾವ ದೇಶದವರೆಂದು ತಿಳಿಯುವುದಿಲ್ಲ. ಶುಕ್ರವಾರ ನಾನು ಕೋಳಿ ಸಾರು ಮಾಡುತ್ತೇನೆ, ನಮ್ಮ ಕಡೆಯದು, ಕಾಯಿ ಹುರಿದು ಹಾಕಿ. ಖಾರ ಎಂದು ಬೈಯುತ್ತಾ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ. ಸಂಜೆ ಕಾಲು ಬಾತಿರುತ್ತದೆ. ಇಷ್ಟು ನನ್ನ ದಿನ.

ಖಲೀಲ್ ಭಾಯಿ ಅಂಗಡಿ ಮತ್ತೆ ತೆರೆದಿದ್ದಾರೆ. ವಾಕರ್ ಸಾಹೇಬರ ಕಾಗದವೂ ಬಂತು. ಇನ್ನು ಇಲ್ಲಿಗೆ ಬರುವುದಿಲ್ಲವಂತೆ, ಆರೋಗ್ಯ ಸರಿಯಿಲ್ಲ. ಈಗ ಅವರ ಅಮ್ಮನ ಕಡೆಯ ಹಿರಿಯರನ್ನು ಹುಡುಕುತ್ತಿದ್ದಾರೆ. ಒಬ್ಬಳ ಮುಂದೆ ಹೌಡಿ ಎಂದು ಬರೆದಿದೆಯಂತೆ. ಸೂಲಗಿತ್ತಿ ಎಂದು ಅರ್ಥವಂತೆ.

ಒಂದು ಸಂಗತಿ ನಿನಗೆ ಹೇಳಬೇಕು. ನಾನು ಜೂನಿನಲ್ಲಿ ಹೊರಟ ದಿನ ನೀನು ಶಾಲೆಯಲ್ಲಿದ್ದಿ. ಊರಿನಲ್ಲಿದ್ದ ಐದು ತಿಂಗಳಲ್ಲಿ ಅಜ್ಜ ಕುವೈತಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ಮಗ್ಗದ ಹತ್ತಿರ ಕುಳಿತು ಅವರಿಗೆ ನೂಲು ಸುತ್ತಿಕೊಡುತ್ತಿದ್ದೆ, ಅಷ್ಟೆ. ಅಂದು ಬೆಳಿಗ್ಗೆ ನೋಡಿದರೆ ಬಿಳಿ ಅಂಗಿ ಹಾಕಿಕೊಂಡು ಕೋಲು ಹಿಡಿದು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ಹೊರಟುನಿಂತಿದ್ದಾರೆ. ಬೇಡ ಎಂದರೂ ಕೇಳಲಿಲ್ಲ.

ಬಸ್ಸು ತುಂಬಿತ್ತು. ಸಂಘದವರು ಮೂರು ನಾಲ್ಕು ಮಂದಿ ಒಳಗಿದ್ದರು. ಅಜ್ಜ ಫುಟ್‌ಬೋರ್ಡಿನ ಹತ್ತಿರ ಹೋಗಿ ಕಂಡಕ್ಟರನ್ನು ಕರೆದರು. ಎಲ್ಲರಿಗೂ ಕೇಳುವ ಹಾಗೆ, "ಇವ ನನ್ನ ಮಗ. ಕುವೈತಿನಲ್ಲಿ ಅಡಿಗೆಯವ. ದೂರ ಹೋಗಲಿಕ್ಕುಂಟು, ಕುಳಿತುಕೊಳ್ಳಲಿಕ್ಕೆ ಜಾಗ ಮಾಡಿಕೊಡು ಮಾರಾಯ" ಅಂದರು.

ಜಾಗ ಸಿಕ್ಕಿತು. ಕಿಟಕಿಯ ಪಕ್ಕದ ಸೀಟು. ಬಸ್ಸು ಹೊರಟಾಗ ನಾನು ಹೊರಗೆ ನೋಡಿದೆ. ಅವರು ಆಗಲೇ ಬೆನ್ನು ತಿರುಗಿಸಿ, ಕೋಲೂರುತ್ತಾ ಮನೆಯ ಕಡೆಗೆ ನಡೆಯುತ್ತಿದ್ದರು.

ಅಪ್ಪ